ಗೋಡೆಯ ಮೇಲಿನ ಅಪರಿಚಿತರು

ಮನೆಯೊಳಗೆ ಕಂಡ ಹೊಸ ಹುಳುವನ್ನು ಗುರುತಿಸಹೊರಟವರು ಮೊದಲು ನೋಡುವುದು ಅದರ ಬಣ್ಣವನ್ನು. ಬಣ್ಣವಾದರೋ ಕೀಟಲೋಕದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ವಂಚಿಸುವ ಲಕ್ಷಣ. ಹಳದಿ-ಕಪ್ಪು ಪಟ್ಟೆಗಳನ್ನು ಧರಿಸಿ ದಾಸವಾಳದ ಮುಂದೆ ನಿಶ್ಚಲವಾಗಿ ತೇಲುವ ಪ್ರಾಣಿಯನ್ನು ಕಣಜವೆಂದು ಹೆದರಿದರೆ, ಅದು ಕಣಜದ ವೇಷ ತೊಟ್ಟ ನಿರಪಾಯಕಾರಿ ನೊಣವಾಗಿರಬಹುದು. ಕಣಜಕ್ಕೆ ನಾಲ್ಕು ರೆಕ್ಕೆಗಳು, ನೊಣಕ್ಕೆ ಎರಡೇ. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋದ ತಜ್ಞರಂತೆ ಸೂಕ್ಷ್ಮದರ್ಶಕದಡಿಯಲ್ಲಿ ರೆಕ್ಕೆಯ ನರಗಳನ್ನು ಪರಿಶೀಲಿಸುವ ಅಗತ್ಯ ಗೃಹಸ್ಥನಿಗಿಲ್ಲ. ರೆಕ್ಕೆಗಳೆಷ್ಟು, ನಡು ಎಂಥದು, ಮತ್ತು ಎಲ್ಲಕ್ಕೂ ಮಿಗಿಲಾಗಿ ಆ ಜೀವಿ ಎಲ್ಲಿ ಏನು ಮಾಡುತ್ತಿತ್ತು ಎಂಬುದನ್ನು ಗಮನಿಸಿದರೆ ಅರ್ಧ ಉತ್ತರ ದೊರೆತಂತೆಯೇ.

೧೯೪೮ರಲ್ಲಿ ಅಸ್ತಿಭಾರ ಕಂಡ ಜಯನಗರದ ಹಳೆಯ ಮನೆಗಳಲ್ಲಿಯೂ, ನಿನ್ನೆ ಮೊನ್ನೆ ಎದ್ದು ನಿಂತ ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಲ್ಲಿಯೂ ಬಚ್ಚಲಿನ ಗೋಡೆಗೆ ಅಂಟಿಕೊಂಡ, ಧೂಳಿನ ಬಣ್ಣದ, ಕುಂಬಳದ ಬೀಜದಂಥ ಚಪ್ಪಟೆ ವಸ್ತುವೊಂದು ಕಾಣಸಿಗುತ್ತದೆ. ಗಾರೆಯ ಚೂರೆಂದು ಉಪೇಕ್ಷಿಸಿದವರು ಅದು ಮೆಲ್ಲನೆ ಮೇಲೇರತೊಡಗಿದಾಗ ಬೆಚ್ಚಿಬೀಳುವರು. ಅದು ಬಟ್ಟೆ ತಿನ್ನುವ ಪತಂಗಗಳ ಬಳಗಕ್ಕೆ ಸೇರಿದ ಪುಟ್ಟ ಪತಂಗವೊಂದರ ಮರಿಹುಳು. ಬಾಯಿಂದ ಸ್ರವಿಸುವ ರೇಷ್ಮೆಗೆ ಮರಳಿನ ಕಣ, ನೂಲಿನ ಎಳೆಗಳನ್ನು ಬೆಸೆದು ಸುಮಾರು ಒಂದು ಸೆಂಟಿಮೀಟರು ಉದ್ದದ ಕೋಶವನ್ನು ತಾನೇ ಕಟ್ಟಿಕೊಂಡು, ಹೋದಲ್ಲೆಲ್ಲ ಅದನ್ನು ಎಳೆದೊಯ್ಯುತ್ತದೆ. ಎರಡು ತುದಿಗಳೂ ತೆರೆದಿರುವುದರಿಂದ ಒಳಗೇ ಹೊರಳಿ ಯಾವ ಕಡೆಯಿಂದಲಾದರೂ ತಲೆ ಹೊರಚಾಚಬಲ್ಲದು. ಜೇಡನ ಹಳೆಯ ಬಲೆ, ಉದುರಿದ ಕೂದಲು, ಸತ್ತ ಕೀಟಗಳ ಅವಶೇಷ ಇದರ ಆಹಾರ. ಔಷಧ ಸಿಂಪಡಿಸುವುದಕ್ಕಿಂತ ಮೂಲೆಗಳನ್ನು ಗುಡಿಸುವುದೇ ಮೇಲು.

ಇನ್ನು ಅಡುಗೆಮನೆಯ ಕಿಟಕಿಯ ಗಾಜಿನ ಮೇಲೆ ಚಡಪಡಿಸುತ್ತ ಓಡಾಡುವ ಕಪ್ಪು ಕೀಟದ ವಿಚಾರ. ನನ್ನ ಮಟ್ಟಿಗೆ ನಮ್ಮ ಮನೆಗಳಿಗೆ ಬರುವ ಅತಿಥಿಗಳಲ್ಲಿ ಇದಕ್ಕಿಂತ ಆದರಾರ್ಹವಾದದ್ದು ಮತ್ತೊಂದಿಲ್ಲ; ಹಾಗಿದ್ದೂ ಚಪ್ಪಲಿಯ ಏಟಿಗೆ ಬಲಿಯಾಗುವುದರಲ್ಲಿ ಇದೇ ಮುಂದು. ಹತ್ತಿರದಿಂದ ನೋಡಿದರೆ ನೀಲಿ ಕಣ್ಣುಗಳು, ನೀಳವಾದ ಹಿಂಗಾಲುಗಳು; ಎದೆಯ ಮೇಲ್ಭಾಗದಿಂದ ಹೊರಟ ಸಣ್ಣ ತೊಟ್ಟಿನ ತುದಿಯಲ್ಲಿ, ದೇಹಕ್ಕೆ ಹೊಂದದಷ್ಟು ಚಿಕ್ಕದಾದ ಚಪ್ಪಟೆ ಉದರವು ಎಡೆಬಿಡದೆ ಮೇಲಕ್ಕೂ ಕೆಳಕ್ಕೂ ಅಲುಗುತ್ತಿರುತ್ತದೆ. ಲಿನೇಯಸನು ೧೭೫೮ರಲ್ಲಿಯೇ ವರ್ಣಿಸಿದ ಈ ಕಣಜವನ್ನು ಶಾಸ್ತ್ರಜ್ಞರು ಇವಾನಿಯಾ ಅಪೆಂಡಿಗ್ಯಾಸ್ಟರ್ ಎನ್ನುತ್ತಾರೆ. ಇದು ಮನುಷ್ಯರಿಗೆ ಕುಟುಕುವುದಿಲ್ಲ. ಹೆಣ್ಣು ಹುಡುಕುವುದು ಜಿರಲೆಯ ಮೊಟ್ಟೆಚೀಲವನ್ನು. ಅದರೊಳಗೆ ತನ್ನದೊಂದು ಮೊಟ್ಟೆಯನ್ನಿಟ್ಟರೆ, ಹೊರಬಂದ ಮರಿಯು ಚೀಲದಲ್ಲಿರುವ ಹದಿನೈದರ ಆಸುಪಾಸಿನ ಜಿರಲೆಮೊಟ್ಟೆಗಳನ್ನು ತಿಂದು ಬೆಳೆಯುತ್ತದೆ. ಆದುದರಿಂದ ಈ ಕಣಜ ಪದೇ ಪದೇ ಕಾಣಿಸಿಕೊಂಡರೆ, ಸಿಂಕಿನ ಕೆಳಗೋ ಚರಂಡಿಯ ಚೇಂಬರಿನಲ್ಲೋ ಜಿರಲೆಗಳು ನೆಲೆಸಿವೆಯೆಂದು ತಿಳಿಯಬೇಕು.

ಆದರೆ ಎಲ್ಲ ಅತಿಥಿಗಳೂ ಇಷ್ಟು ಸಾಧುವಲ್ಲ. ಮಳೆಗಾಲದ ಸಂಜೆ, ಮಡಿವಾಳದ ಕೆರೆಗೆ ಸಮೀಪವಾದ ಬಿ.ಟಿ.ಎಂ. ಲೇಔಟಿನಂಥ ಕಡೆಗಳಲ್ಲಿ, ತೇವದ ಮಣ್ಣಿನಲ್ಲಿ ವಾಸಿಸುವ ಪೆಡೆರಸ್ ಎಂಬ ದುಂಬಿಯು ದೀಪವನ್ನರಸಿ ಒಳನುಗ್ಗಬಹುದು. ಅಕ್ಕಿಕಾಳಿಗಿಂತ ತುಸು ಉದ್ದವಾದ ದೇಹ, ಕಪ್ಪು ತಲೆ, ಕಿತ್ತಳೆ ಬಣ್ಣದ ಎದೆ ಮತ್ತು ಉದರ; ನಡುವೆ ನೀಲಿಗಪ್ಪಿನ ಮೋಟು ಹೊದಿಕೆ. ಆ ಹೊದಿಕೆ ಗಿಡ್ಡವಾಗಿ ಉದರವು ತೆರೆದೇ ಇರುವುದರಿಂದ ದುಂಬಿಯೆಂದು ತೋರದೆ ಇರುವೆಯೆಂದೇ ಭ್ರಮೆಯಾಗುತ್ತದೆ. ಇದು ಕಚ್ಚದು, ಕುಟುಕದು. ಕತ್ತಿನ ಮೇಲೆ ಹರಿದಾಡುವಾಗ ಫಟ್ಟನೆ ಹೊಡೆದು ಉಜ್ಜಿದರೆ ಮಾತ್ರ ಅದರ ದೇಹದ್ರವದಲ್ಲಿರುವ ಪೆಡೆರಿನ್ ಎಂಬ ವಿಷವು ಚರ್ಮಕ್ಕೆ ತಾಗಿ, ಒಂದೆರಡು ದಿನಗಳಲ್ಲಿ ಉಜ್ಜಿದ ಗೆರೆಯುದ್ದಕ್ಕೂ ಉರಿಯುವ ಬೊಕ್ಕೆಗಳೇಳುತ್ತವೆ. ಆಗ ಯಾವುದೋ ಹುಳು ಕಚ್ಚಿತೆಂದು ಜನ ದೂರುವರು. ಮೈಮೇಲೆ ಕಂಡಾಗ ಊದಿಯೋ, ಕಾಗದದ ಚೂರಿಗೆ ಹತ್ತಿಸಿಕೊಂಡೋ ಆಚೆ ಬಿಡಬೇಕು; ಅದು ನಡೆದ ಜಾಗವನ್ನು ಕೂಡಲೆ ಸಾಬೂನು ಹಚ್ಚಿ ತೊಳೆಯಬೇಕು; ತೊಳೆಯುವ ಮುನ್ನ ಅದೇ ಕೈಯಿಂದ ಕಣ್ಣು ಮುಟ್ಟಬಾರದು.