ಆಫ್‌ಸೈಡಿಗೆ ಯಂತ್ರ, ರೋಬೋ ಕಾಳಗಕ್ಕೆ ಮನುಷ್ಯ!

ಕಾಸರಗೋಡು: ವಿಶ್ವಕಪ್ ಬಂತೆಂದರೆ ಇಲ್ಲಿ ಒಂದೇ ಮನೆಯಲ್ಲಿ ಅರ್ಜೆಂಟೀನಾ, ಬ್ರೆಜಿಲ್ ಎಂದು ಎರಡು ಪಕ್ಷ. ಚಹಾದಂಗಡಿಯ ಪಟ್ಟಾಂಗಕ್ಕೆ ಈಗ ಮೂರನೆಯ ಪಕ್ಷವೂ ಸೇರಿದೆ: ಅಮೆರಿಕದ ಟಿವಿ ಸ್ಪರ್ಧೆ 'ಬ್ಯಾಟಲ್‌ಬಾಟ್ಸ್' ಅನ್ನು ಮೊಬೈಲಿನಲ್ಲಿ ನೋಡುವ ಹುಡುಗರದ್ದು.

ಅದರಲ್ಲಿ ಸುಮಾರು 113 ಕಿಲೋ ತೂಕದ ಯಂತ್ರಗಳೆರಡು ಮೂರು ನಿಮಿಷ ಗುದ್ದಾಡುತ್ತವೆ. ಎರಡೂ ಉಳಿದರೆ ಗೆದ್ದದ್ದು ಯಾರೆಂದು ಹೇಳುವವರು ಮೂವರು ತೀರ್ಪುಗಾರರು. ಓಡಿಸುವವರೂ ಮನುಷ್ಯರೇ, ರಿಮೋಟ್ ಹಿಡಿದು. "ಹಾಗಾದ್ರೆ ಅದೆಂತ ರೋಬೋ ಮಾರಾಯ, ಆಟದ ಕಾರಲ್ವಾ?" ಎಂಬುದು ಹಿರಿಯರ ತಕರಾರು.

ಹುಡುಗರ ಬಳಿಯೂ ಉತ್ತರ ಇದೆ. 2022ರಲ್ಲಿ ಕತಾರಿನಲ್ಲಿ ಅರ್ಜೆಂಟೀನಾ ಸೌದಿ ಅರೇಬಿಯಾಕ್ಕೆ 1-2ರಿಂದ ಸೋತ ದಿನ, ಮೊದಲರ್ಧದಲ್ಲೇ ಮೂರು ಗೋಲು ಆಫ್‌ಸೈಡಿಗೆ ಹೋದವು. ಚಾವಣಿಯ 12 ಕ್ಯಾಮೆರಾಗಳು ಆಟಗಾರರ ಕೈಕಾಲು ಅಳೆಯುತ್ತಿದ್ದವು. ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಬಾರಿ ಸುದ್ದಿ ಕಳಿಸುತ್ತಿತ್ತು. ಕೊನೆಯ ಮಾತು ರೆಫರಿಯದ್ದೇ, ನಿಜ. ಆದರೆ ಗೆರೆ ಎಳೆದದ್ದು ಯಂತ್ರ. ಮುಂದೆ ಕಪ್ ಗೆದ್ದರೂ ಮೆಸ್ಸಿ ಪಕ್ಷದವರಿಗೆ ಆ ಹೊಟ್ಟೆಯುರಿ ಇನ್ನೂ ಆರಿಲ್ಲ.

ಇದರ ಮಧ್ಯೆ ಇನ್ನೊಂದು ಸುದ್ದಿ 'ರೋಬೋಕಪ್'ನದ್ದು. 1997ರಲ್ಲಿ ಜಪಾನಿನ ನಗೋಯಾದಲ್ಲಿ ಮೊದಲ ಸಲ ನಡೆದ ಈ ಕೂಟದಲ್ಲಿ ಫುಟ್‌ಬಾಲ್ ಆಡುವ ರೋಬೋಗಳಿಗೆ ರಿಮೋಟ್ ಇಲ್ಲ, ತಾವೇ ನೋಡಿ ಒದೆಯಬೇಕು. 2050ರೊಳಗೆ ವಿಶ್ವಕಪ್ ಗೆದ್ದ ಮನುಷ್ಯರ ತಂಡವನ್ನೇ ಸೋಲಿಸುವುದು ಅವರ ಗುರಿ. ಆ ಪಂದ್ಯಕ್ಕೆ ರೆಫರಿ ಯಾರು ಎಂಬುದು ಮಾತ್ರ ಚಹಾದಂಗಡಿಯಲ್ಲಿ ಇತ್ಯರ್ಥವಾಗಿಲ್ಲ.