ಪಾರ್ಶ್ವವಾಯುವಿನ ದುಬಾರಿ ಚಿಕಿತ್ಸೆ: ವೆಚ್ಚವನ್ನು ಎಣಿಸುವ ಬಗೆ



ಪಾರ್ಶ್ವವಾಯು, ಅಂದರೆ ಲಕ್ವ ಹೊಡೆದ ರೋಗಿಯ ಮನೆಯವರು ಸಲಹೆಗಾಗಿ ಮೊದಲು ಬರುವುದು ಅನೇಕ ವೇಳೆ ತಮ್ಮ ವಾರ್ಡಿನ ಸದಸ್ಯರ ಬಳಿಗೆ. ‘ಮೆದುಳಿನ ರಕ್ತನಾಳದಿಂದ ಹೆಪ್ಪು ತೆಗೆಯಬೇಕಂತೆ, ಲಕ್ಷಗಟ್ಟಲೆ ಬೇಕಂತೆ, ಅಷ್ಟು ಖರ್ಚು ಮಾಡುವುದು ಸರಿಯೇ?’ ಎಂಬುದು ಅವರ ಪ್ರಶ್ನೆ. ಇದಕ್ಕೆ ವೈದ್ಯರೇ ಉತ್ತರಿಸಬೇಕು. ಆದರೂ ಪ್ರಶ್ನೆಯೊಳಗಿನ ಲೆಕ್ಕಾಚಾರವನ್ನು ನಾವೂ ತಿಳಿದಿರುವುದು ಅಗತ್ಯ.

ಹೆಚ್ಚಿನ ಪಾರ್ಶ್ವವಾಯು ಪ್ರಕರಣಗಳಿಗೆ ಮೆದುಳಿನ ರಕ್ತನಾಳವೊಂದು ಹೆಪ್ಪಿನಿಂದ ಮುಚ್ಚಿಹೋಗುವುದೇ ಕಾರಣ. ಮುಚ್ಚಿದ್ದು ದೊಡ್ಡ ನಾಳವಾದರೆ ಆಘಾತ ತೀವ್ರ. ಆಗ ತಜ್ಞರು ತೊಡೆಸಂದಿಯ ರಕ್ತನಾಳದ ಮೂಲಕ ಸಪೂರವಾದ ಕೊಳವೆಯನ್ನು ಮೆದುಳಿನವರೆಗೆ ಸಾಗಿಸಿ, ಸಣ್ಣ ಜಾಲರಿಯಿಂದ ಹೆಪ್ಪನ್ನು ಹಿಡಿದೆಳೆಯುತ್ತಾರೆ ಅಥವಾ ಹೀರಿ ತೆಗೆಯುತ್ತಾರೆ. ಸಾಮಾನ್ಯವಾಗಿ ಇದು 6 ಗಂಟೆಗಳ ಒಳಗೆ ನಡೆಯಬೇಕು. ಸ್ಕ್ಯಾನ್ ನೋಡಿ ಆಯ್ದ ಕೆಲವರಿಗೆ 24 ಗಂಟೆಗಳವರೆಗೂ ಪ್ರಯೋಜನವುಂಟೆಂದು 2018ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು.

ಈ ಚಿಕಿತ್ಸೆ 2015ರಲ್ಲಿ ಐದು ಅಧ್ಯಯನಗಳಿಂದ ದೃಢಪಟ್ಟಿತು. ಅವುಗಳ 1,287 ರೋಗಿಗಳ ವಿವರವನ್ನು ಒಟ್ಟುಗೂಡಿಸಿ ನೋಡಿದಾಗ, ಹೆಪ್ಪು ತೆಗೆಸಿಕೊಂಡವರಲ್ಲಿ ನೂರಕ್ಕೆ 46 ಮಂದಿ ಮೂರು ತಿಂಗಳ ನಂತರ ಪರರ ಆಸರೆಯಿಲ್ಲದೆ ಬದುಕುತ್ತಿದ್ದರು. ಉಳಿದ ಚಿಕಿತ್ಸೆಯನ್ನಷ್ಟೇ ಪಡೆದವರಲ್ಲಿ ಈ ಸಂಖ್ಯೆ ಸುಮಾರು 27. ಸಾವಿನ ಪ್ರಮಾಣದಲ್ಲಿ ಅಷ್ಟು ಅಂತರವಿರಲಿಲ್ಲ. ಅಂತರವಿದ್ದದ್ದು ಬದುಕುಳಿದವರ ಬಾಳಿನಲ್ಲಿ.

ವೆಚ್ಚದ ಮಾತು ಇಲ್ಲಿಂದ ಆರಂಭವಾಗುತ್ತದೆ. ಆರೋಗ್ಯ ಅರ್ಥಶಾಸ್ತ್ರಜ್ಞರು ಪೂರ್ಣ ಆರೋಗ್ಯದ ಒಂದು ವರ್ಷವನ್ನು ಒಂದು ಎಂದು ಎಣಿಸುತ್ತಾರೆ. ಹಾಸಿಗೆ ಹಿಡಿದು ಕಳೆದ ವರ್ಷಕ್ಕೆ ಅದರ ಅಲ್ಪಾಂಶವಷ್ಟೇ ಬೆಲೆ. ಸ್ವೀಡನ್ನಿನ ಸ್ಥಿತಿಯನ್ನು ಆಧರಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಈ ಚಿಕಿತ್ಸೆಯಿಂದ ಪ್ರತಿ ರೋಗಿಗೆ ಇಂತಹ ಸುಮಾರು ಒಂದು ವರ್ಷ ಹೆಚ್ಚುವರಿಯಾಗಿ ದೊರೆಯುತ್ತದೆ. ಜೀವಮಾನದ ಒಟ್ಟು ವೆಚ್ಚ ಮಾತ್ರ ಏರುವುದಿಲ್ಲ. ಆರಂಭದಲ್ಲಿ ಮಾಡಿದ ಖರ್ಚು ಮುಂದಿನ ಆರೈಕೆಯ ಉಳಿತಾಯದಲ್ಲಿ ಮರಳಿ ಬರುತ್ತದೆ. ಕಡಿಮೆ ದರದ ಪಂಪನ್ನು ಕೊಂಡು ಹತ್ತು ವರ್ಷ ಹೆಚ್ಚಿನ ವಿದ್ಯುತ್ ಬಿಲ್ಲು ಕಟ್ಟಿದ ಪಂಚಾಯಿತಿಗಳಿಗೆ ಈ ತರ್ಕ ಹೊಸದೇನಲ್ಲ.

ಸ್ವೀಡನ್ನಿನಲ್ಲಿ ವೃದ್ಧರ ಮನೆ ಆರೈಕೆಯನ್ನು ನೋಡಿಕೊಳ್ಳುವುದು ಸ್ಥಳೀಯ ಪುರಸಭೆಗಳು. ಆದ್ದರಿಂದ ಉಳಿತಾಯ ಅಲ್ಲಿನ ಸ್ಥಳೀಯ ಸಂಸ್ಥೆಯ ಲೆಕ್ಕಪತ್ರದಲ್ಲಿಯೇ ಕಾಣುತ್ತದೆ. ನಮ್ಮಲ್ಲಿ ಚಿಕಿತ್ಸೆಯ ಬಿಲ್ಲು ಕಾಣುತ್ತದೆ, ಆರೈಕೆಯ ಬಿಲ್ಲು ಕಾಣುವುದಿಲ್ಲ. ಅದನ್ನು ತೆರುವವರು ಕೂಲಿ ಬಿಟ್ಟು ಮನೆಯಲ್ಲಿ ಉಳಿಯುವ ಹೆಂಡತಿ, ಸೊಸೆ, ಒಮ್ಮೊಮ್ಮೆ ಶಾಲೆ ಬಿಟ್ಟ ಮಗಳು. ಅಂಗವಿಕಲರಿಗಾಗಿ ಮೀಸಲಿಡುವ ಶೇ. 5ರ ನಿಧಿಗೆ ಬರುವ ಗಾಲಿಕುರ್ಚಿಯ ಅರ್ಜಿ, ಮಾಸಾಶನದ ಅರ್ಜಿ – ನಮ್ಮ ಕಡತಕ್ಕೆ ತಲುಪುವುದು ಇಷ್ಟೇ. ಸ್ವೀಡನ್ನಿನ ಅಂಕಿಗಳು ಇಲ್ಲಿಗೆ ಯಥಾವತ್ತಾಗಿ ಒಪ್ಪುವುದಿಲ್ಲ, ನಿಜ. ಆದರೆ ಹೆಣ್ಣುಮಕ್ಕಳ ದುಡಿಮೆಯನ್ನು ಸೊನ್ನೆ ಎಂದು ಹಿಡಿದು ‘ಚಿಕಿತ್ಸೆ ದುಬಾರಿ’ ಎನ್ನುವುದು ತಪ್ಪು ಲೆಕ್ಕವೆಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮುಖವನ್ನೂ ಮರೆಮಾಚಬಾರದು. ದೊಡ್ಡ ನಾಳ ಮುಚ್ಚಿದಾಗ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು ಅಂದಾಜು. ಮೆದುಳಿನ ದೊಡ್ಡ ಭಾಗ ಅದಾಗಲೇ ಹಾನಿಗೊಂಡಿದ್ದ ರೋಗಿಗಳ ಕುರಿತು 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೆಪ್ಪು ತೆಗೆಸಿಕೊಂಡರೂ ಸ್ವಾವಲಂಬಿಗಳಾದವರು ನೂರಕ್ಕೆ 20 ಮಂದಿ. ತೆಗೆಸಿಕೊಳ್ಳದವರಲ್ಲಿ 7 ಮಂದಿ. ಲಾಭ ಉಂಟು, ಆದರೆ ಹೆಚ್ಚಿನವರು ಚೇತರಿಸಿಕೊಳ್ಳುವುದಿಲ್ಲ. ವಿಳಂಬವಾದರೂ ಬಿಲ್ಲು ಅಷ್ಟೇ. ಫಲ ಮಾತ್ರ ಕಡಿಮೆ. ಹೊಲ ಮಾರಿ ಹಣ ಹೊಂದಿಸಲು ಒಂದು ದಿನ ಕಳೆದರೆ ಹೊಲವೂ ಹೋದೀತು, ಅವಕಾಶವೂ ಹೋದೀತು. ಎಲ್ಲರಿಗೂ ಈ ಚಿಕಿತ್ಸೆ ಬೇಕಾಗುವುದೂ ಇಲ್ಲ. ರಕ್ತಸ್ರಾವದಿಂದಾದ ಪಾರ್ಶ್ವವಾಯುವಿಗೆ ಇದು ಸಲ್ಲದು. ಅನೇಕರಿಗೆ ನಾಲ್ಕೂವರೆ ಗಂಟೆಯೊಳಗೆ ನೀಡುವ, ಹೆಪ್ಪು ಕರಗಿಸುವ ಚುಚ್ಚುಮದ್ದೇ ಸಾಕಾಗಬಹುದು. ಯಾವುದು ಬೇಕೆಂಬುದನ್ನು ನಿರ್ಧರಿಸುವುದು ಸ್ಕ್ಯಾನ್.

ಆದ್ದರಿಂದ ಮುಖ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಿ, ರೋಗಿ ಕೊನೆಯದಾಗಿ ಸರಿಯಾಗಿದ್ದ ಸಮಯವನ್ನು ಬರೆದಿಡಲು ತಿಳಿಸುವುದು. ಬಾಯಿಗೆ ನೀರನ್ನಾಗಲೀ ಮಾತ್ರೆಯನ್ನಾಗಲೀ ಹಾಕಬಾರದು. ಎಣ್ಣೆ ತಿಕ್ಕುತ್ತ ಕೂರಬಾರದು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ, ಉಳಿದವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ಗರಿಷ್ಠ 1.5 ಲಕ್ಷ ರೂ. ನೆರವುಂಟು. ಸಮೀಪದ ಯಾವ ಆಸ್ಪತ್ರೆಯಲ್ಲಿ ಸ್ಕ್ಯಾನ್, ಚುಚ್ಚುಮದ್ದು, ಹೆಪ್ಪು ತೆಗೆಯುವ ವ್ಯವಸ್ಥೆ ಇವೆ, ಅವುಗಳಲ್ಲಿ ಯೋಜನೆಯ ವ್ಯಾಪ್ತಿಗೆ ಒಳಪಡುವುದು ಯಾವುದು ಎಂಬ ಪಟ್ಟಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗಳಿಂದ ಪಡೆದು ಪಂಚಾಯಿತಿ ಸೂಚನಾ ಫಲಕದಲ್ಲಿ ಪ್ರಕಟಿಸುವುದು, ಆಶಾ ಕಾರ್ಯಕರ್ತೆಯರಿಗೂ ಪ್ರತಿ ನೀಡುವುದು. ರಾತ್ರಿ ವೇಳೆಯಲ್ಲಿ ಸ್ಕ್ಯಾನ್ ದೊರೆಯುವುದೇ ಎಂಬುದನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳುವುದು.