ಕಾಂಗ್ರಾ ಕಣಿವೆಯ ಉಪ್ಪು

1950ರ ದಶಕದಲ್ಲಿ ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಊದಿದ ಕುತ್ತಿಗೆಯನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಅಲ್ಲಿ ಗಳಗಂಡವಿತ್ತು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಣಿವೆಯನ್ನು ಮೂರು ವಲಯ ಮಾಡಿ, ಎರಡಕ್ಕೆ ಅಯೋಡಿನ್ ಬೆರೆತ ಉಪ್ಪು, ಒಂದಕ್ಕೆ ಬರೀ ಉಪ್ಪು ಕೊಡಿಸಿದರು. ಆರು ವರ್ಷಗಳಲ್ಲಿ ಅಯೋಡಿನ್ ಉಪ್ಪುಂಡ ಊರುಗಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು. ಬರೀ ಉಪ್ಪಿನ ಕಡೆ ಇದ್ದಂತೆಯೇ ಉಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು.

ಬೆಟ್ಟದ ಮಣ್ಣಿನಲ್ಲಿದ್ದ ಅಯೋಡಿನ್ ಮಳೆಗೆ ಕೊಚ್ಚಿಹೋಗುತ್ತದೆ. ನಮ್ಮ ಚಿಕ್ಕಮಗಳೂರು, ಕೊಡಗಿನಲ್ಲೂ ಗಳಗಂಡ ಕಾಡಿದ್ದುಂಟು.

ಶ್ವಾಸನಾಳವನ್ನು ತಬ್ಬಿಕೊಂಡಿರುವ ಥೈರಾಯ್ಡ್ ಗ್ರಂಥಿಯ ತೂಕ ಸುಮಾರು 20 ಗ್ರಾಂ. ರಕ್ತದಿಂದ ಅಯೋಡಿನ್ ಹೀರಿ ಅದು ಟಿ4, ಟಿ3 ಹಾರ್ಮೋನುಗಳನ್ನು ತಯಾರಿಸುತ್ತದೆ. ಎದೆಬಡಿತ, ಮೈಬಿಸಿ, ಜೀರ್ಣಶಕ್ತಿ, ಮುಟ್ಟು ಎಲ್ಲದರ ಮೇಲೂ ಇವುಗಳ ಹಿಡಿತವಿದೆ. ಹಾರ್ಮೋನು ಕಡಿಮೆಯಾದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಎಂಬ ಇನ್ನೊಂದು ಹಾರ್ಮೋನನ್ನು ಹೆಚ್ಚಿಸಿ ಥೈರಾಯ್ಡನ್ನು ಇನ್ನಷ್ಟು ದುಡಿಸುತ್ತದೆ. ಅಯೋಡಿನ್ ಸಿಗದೆ ದುಡಿದೂ ದುಡಿದೂ ಗ್ರಂಥಿ ಊದಿಕೊಳ್ಳುತ್ತದೆ; ಅದೇ ಗಳಗಂಡ.

ಈಗಿನ ಕಥೆ ಬೇರೆ. ಉಪ್ಪಿನಲ್ಲಿ ಅಯೋಡಿನ್ ಇದ್ದರೂ ಥೈರಾಯ್ಡ್ ತೊಂದರೆ ನಿಂತಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಈ ಗ್ರಂಥಿಯ ಮೇಲೆ ತಿರುಗಿಬೀಳುವ ಹಾಶಿಮೊಟೊ ಕಾಯಿಲೆ ಸಾಮಾನ್ಯ ಕಾರಣ, ಅದೂ ಹೆಂಗಸರಲ್ಲಿ ಹೆಚ್ಚು. ಹೆಚ್ಚು ಉಪ್ಪು ತಿಂದರೆ ಇದು ವಾಸಿಯಾಗದು. ಹಾರ್ಮೋನು ಕೊರತೆಯಿಂದ ಬರುವ ಸುಸ್ತು, ಮಲಬದ್ಧತೆ, ತಡೆಯಲಾಗದ ಚಳಿ, ಏರುವ ತೂಕ ಇವನ್ನೆಲ್ಲ ‘ವಯಸ್ಸಾಯ್ತು, ಮನೆಗೆಲಸ ಜಾಸ್ತಿ’ ಎಂದು ತಳ್ಳಿಹಾಕುವುದು ಅನ್ಯಾಯ. ಒಂದು ರಕ್ತಪರೀಕ್ಷೆಯಲ್ಲಿ ಸತ್ಯ ತಿಳಿಯುತ್ತದೆ. ಉಂಡರೂ ಸೊರಗುವುದು, ಕೈನಡುಕ, ಎದೆ ಡವಡವ ಹೊಡೆದುಕೊಳ್ಳುವುದು ಹಾರ್ಮೋನು ಅತಿಯಾದುದರ ಲಕ್ಷಣ.

ಹಾರ್ಮೋನು ಕೊರತೆಗೆ ಥೈರಾಕ್ಸಿನ್ ಮಾತ್ರೆಯಿದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ, ಕಾಫಿಗೆ ಅರ್ಧ ಗಂಟೆಯಾದರೂ ಕಾಯಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಬೇಕು. ‘ಹುಷಾರಾದೆ’ ಎಂದು ತಾವೇ ನಿಲ್ಲಿಸಿದವರಿಗೆ ತೊಂದರೆ ಮರಳಿ ಬರುತ್ತದೆ.

ಬಸುರಿಯರ ವಿಷಯದಲ್ಲಂತೂ ಉದಾಸೀನ ಸಲ್ಲದು. ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳು ತಾಯಿಯ ಹಾರ್ಮೋನನ್ನೇ ನೆಚ್ಚಿರುತ್ತದೆ. ಕೆಲವು ಕೂಸುಗಳಿಗೆ ಹುಟ್ಟಿನಿಂದಲೇ ಥೈರಾಯ್ಡ್ ಇರುವುದಿಲ್ಲ ಅಥವಾ ಸರಿಯಾಗಿ ಕೆಲಸ ಮಾಡುವುದಿಲ್ಲ. ನೋಡಲು ಆರೋಗ್ಯವಾಗಿಯೇ ಇರುವುದರಿಂದ ಯಾರಿಗೂ ಅನುಮಾನ ಬಾರದು. ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಲ್ಲಿ ಇದನ್ನು ಪತ್ತೆಹಚ್ಚಿ, ಎರಡು ವಾರದೊಳಗೆ ಮಾತ್ರೆ ಶುರುಮಾಡಿದರೆ ಮಗುವಿನ ಬುದ್ಧಿ ಎಲ್ಲರಂತೆ ಬೆಳೆಯುತ್ತದೆ. ತಡವಾದರೆ ಆದ ನಷ್ಟವನ್ನು ತುಂಬಲಾಗದು. ಹೆರಿಗೆ ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ ಈ ಪರೀಕ್ಷೆ ಆಗಿದೆಯೇ ಎಂದು ತಂದೆತಾಯಿ ಕೇಳಬೇಕು.